ಗೋಡೆಗಂಟಿದ ತಗಡಿನ ಕೊಳವೆಯನ್ನು ಕತ್ತರಿಸಿದ ಬಗೆ

ಮಾಡಿನ ಮೇಲೆ ಬಿದ್ದ ಮಳೆನೀರನ್ನು ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ತಿರುಗಿಸಬೇಕೆಂದರೆ ಇಳಿಗೊಳವೆಯನ್ನು ನಡುವೆ ಕತ್ತರಿಸಿ ಫಿಲ್ಟರ್ ಕೂರಿಸಬೇಕು. ಪಿವಿಸಿ ಪೈಪಾದರೆ ಇದೊಂದು ಕೆಲಸವೇ ಅಲ್ಲ. ಬೆಂಗಳೂರಿನ ನಮ್ಮ ಮನೆ ಹಳೆಯದು. ಮಾಡಿನ ಅಂಚಿಗೆ ಮಳೆನೀರು ಹರಿಯುವ ತಗಡಿನ ದೋಣಿ, ಅಲ್ಲಿಂದ ಗೋಡೆಗೆ ಒತ್ತಿಕೊಂಡು ಇಳಿಯುವ ಮೂರಿಂಚಿನ ಸತುಲೇಪಿತ ತಗಡಿನ ಕೊಳವೆ. ಸಾವಿರ ಚದರಡಿಯ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 900 ಲೀಟರಿಗೂ ಹೆಚ್ಚು ನೀರು. ಅಷ್ಟನ್ನೂ ಚರಂಡಿಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಕೊಳವೆಯನ್ನು ಪೂರ್ತಿ ಕಳಚಿ ಕತ್ತರಿಸಬಹುದಿತ್ತು. ಆದರೆ ಅದರ ತಲೆ ದೋಣಿಗೆ ಬೆಸೆದುಕೊಂಡಿತ್ತು, ಅಲುಗಿಸಿದರೆ ಮೇಲೆಯೇ ಸೋರತೊಡಗುತ್ತದೆ.

ಉಪಕರಣದ ಅಂಗಡಿಯಲ್ಲಿ ಮೊದಲು ಕೇಳುವುದು ತಗಡಿನ ದಪ್ಪವನ್ನು. ನಾನು ಮೊದಲು ನೋಡಿದ್ದು ಕೊಳವೆಗೂ ಗೋಡೆಗೂ ನಡುವಿನ ಸಂದನ್ನು. ಕಿರುಬೆರಳೂ ತೂರುತ್ತಿರಲಿಲ್ಲ. ತಗಡನ್ನು ಯಾವುದರಿಂದಲಾದರೂ ಕತ್ತರಿಸಬಹುದು. ಹಿಂಬದಿಯನ್ನು ಮುಟ್ಟುವುದು ಹೇಗೆ ಎಂಬುದೇ ಪ್ರಶ್ನೆ.

ಎಲ್ಲರೂ ಹೇಳಿದ್ದು ಗ್ರೈಂಡರ್, ತಿರುಗುವ ಬಿಲ್ಲೆಯಿಂದ ಲೋಹ ಕೊಯ್ಯುವ ಯಂತ್ರ. ನಾಲ್ಕಿಂಚಿನ ಬಿಲ್ಲೆಯ ಬಹುಭಾಗ ಯಂತ್ರದ ತಲೆಯಲ್ಲೇ ಅಡಗಿರುವುದರಿಂದ ಅದು ಒಳಕ್ಕಿಳಿಯುವುದು ಒಂದಿಂಚಿನ ಆಸುಪಾಸು. ಮುಂದಿನಿಂದ ಹಿಂಬದಿ ಎಟುಕುವುದಿಲ್ಲ, ಪಕ್ಕದಿಂದ ಹೋದರೆ ಗೋಡೆ ಅಡ್ಡ. ಕಿಡಿಗಳು ಗೋಡೆಯ ಬಣ್ಣಕ್ಕೆ ಕಚ್ಚಿಕೊಂಡು ಆಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ. ಕಾವಿಗೆ ಅಂಚಿನ ಸತುವೂ ಸುಟ್ಟುಹೋಗುತ್ತದೆ. ಎಟುಕಲೆಂದು ಬಿಲ್ಲೆಯ ರಕ್ಷಾಕವಚ ತೆಗೆಯುವವರನ್ನು ಕಂಡಿದ್ದೇನೆ; ಆ ಧೈರ್ಯ ನನಗೆ ಬೇಡ. ಮುಂದೆ ಹಿಂದೆ ಓಡುವ ವಿದ್ಯುತ್ ಗರಗಸವೂ ಬೇಡವೆನಿಸಿತು. ತೆಳು ತಗಡು ಅದಕ್ಕೆ ಗಡಗಡ ನಡುಗುತ್ತದೆ, ಗಾರೆಯಲ್ಲಿನ ಕ್ಲಾಂಪುಗಳೂ ಸಡಿಲವಾಗುತ್ತವೆ.

ಕೊನೆಗೆ ಆರಿಸಿಕೊಂಡದ್ದು ಹ್ಯಾಕ್ಸಾ (ಲೋಹ ಕೊಯ್ಯುವ ಚೌಕಟ್ಟಿನ ಕೈಗರಗಸ), ಬರಿಯ ಬ್ಲೇಡನ್ನು ಹಿಡಿಯುವ ಸಣ್ಣ ಹಿಡಿ ಮತ್ತು ತಗಡು ಕತ್ತರಿ. ಹ್ಯಾಕ್ಸಾ ಒಂದೇ ಸಾಲದು: ಬ್ಲೇಡು ಹಿಂಬದಿಯನ್ನು ತಲುಪುವ ಮೊದಲೇ ಚೌಕಟ್ಟಿನ ಎರಡು ಮೂಲೆಗಳು ಗೋಡೆಗೆ ತಾಗುತ್ತವೆ.

ಬ್ಲೇಡು ಇಂಚಿಗೆ 32 ಹಲ್ಲಿನದು. 18ರ ಬ್ಲೇಡಿನ ಹಲ್ಲುಗಳ ನಡುವೆ ತಗಡು ಸಿಕ್ಕಿಕೊಂಡು ಹಲ್ಲೇ ಮುರಿಯುತ್ತದೆ. 32ರಲ್ಲಿಯೂ ಹಲ್ಲಿಂದ ಹಲ್ಲಿಗೆ ಸುಮಾರು 0.8 ಮಿಲಿಮೀಟರ್, ನನ್ನ ತಗಡೋ 0.6ರ ಆಸುಪಾಸು. ಆದ್ದರಿಂದ ಬ್ಲೇಡನ್ನು ನೆಟ್ಟಗೆ ಒತ್ತದೆ ಆದಷ್ಟು ಓರೆಯಾಗಿ ಮಲಗಿಸಿ ಕೊಯ್ಯಬೇಕು. ಆಗ ಒಟ್ಟಿಗೆ ಹಲವು ಹಲ್ಲುಗಳು ತಗಡಿನ ಮೇಲೆ ಕೂರುತ್ತವೆ.

ಮೊದಲು ಮೇಲಿನ ಭಾಗವನ್ನು ತಂತಿಯಿಂದ ಬಿಗಿದು ಕಟ್ಟಿದೆ. ಇಲ್ಲದಿದ್ದರೆ ಕತ್ತರಿಸುತ್ತಿರುವಾಗಲೇ ಕೊಳವೆ ಕುಸಿದು ಬ್ಲೇಡನ್ನು ಕಚ್ಚಿಹಿಡಿಯುತ್ತದೆ. ಹತ್ತಿರದ ಕ್ಲಾಂಪಿನ ಸ್ಕ್ರೂ ತುಕ್ಕು ಹಿಡಿದಿತ್ತು; ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟು ಸಡಿಲಿಸಿದೆ. ಮರದ ಬೆಣೆಯನ್ನು ಮೆಲ್ಲಗೆ ಬಡಿದಾಗ ಒಂದು ಬೆರಳಿನಷ್ಟು ಸಂದು ಬಿಟ್ಟಿತು. ಗಾರೆಗೆ ಗೀರು ಬೀಳದಂತೆ ಒಂದು ಹಳೆಯ ತಗಡನ್ನು ಅಲ್ಲಿ ತೂರಿಸಿದೆ.

ಫಿಲ್ಟರಿಗೆ ಹೇಗೂ ಜಾಗ ಬೇಕಾದ್ದರಿಂದ ಎರಡು ಕಡೆ ಗುರುತು ಹಾಕಿ, ಮುಂಬದಿ ಮತ್ತು ಪಕ್ಕಗಳನ್ನು ಹ್ಯಾಕ್ಸಾದಿಂದ ಕೊಯ್ದೆ. ನಡುವಿನ ತುಂಡಿನ ಮುಂಭಾಗವನ್ನು ಕತ್ತರಿಯಿಂದ ಬಿಡಿಸಿದಾಗ ಕಿಟಕಿಯಂತೆ ತೆರೆದುಕೊಂಡಿತು. ಈಗ ಕತ್ತರಿಯ ಒಂದು ಬಾಯಿ ಕೊಳವೆಯ ಒಳಗೆ, ಇನ್ನೊಂದು ಗೋಡೆಯ ಕಡೆಗೆ. ಹಿಂಬದಿ ಸಲೀಸಾಗಿ ತುಂಡಾಯಿತು, ತಗಡಿನ ಎರಡು ಅಂಚುಗಳನ್ನು ಮಡಿಸಿ ಜೋಡಿಸಿದ ಹೊಲಿಗೆಯೊಂದನ್ನು ಬಿಟ್ಟು. ಅಲ್ಲಿ ತಗಡು ನಾಲ್ಕು ಪದರವಾಗಿರುವುದರಿಂದ ಕತ್ತರಿ ಬಾಗುತ್ತದೆ ಹೊರತು ಕಚ್ಚುವುದಿಲ್ಲ. ಅದಕ್ಕೆಂದೇ ಆ ಸಣ್ಣ ಹಿಡಿ. ಹಲ್ಲುಗಳು ನಮ್ಮ ಕಡೆಗೆ ತಿರುಗಿರುವಂತೆ ಬ್ಲೇಡು ಸಿಕ್ಕಿಸಿದರೆ ಎಳೆತಕ್ಕೆ ಕೊಯ್ಯುತ್ತದೆ. ಆಧಾರವಿಲ್ಲದ ಬ್ಲೇಡನ್ನು ತಳ್ಳಿದರೆ ಬಳುಕುತ್ತದೆ. ಕೈಗವಸು, ಕನ್ನಡಕ ಇರಲೇಬೇಕು. ಹೊಸದಾಗಿ ಕತ್ತರಿಸಿದ ತಗಡಿನ ಅಂಚು ಚರ್ಮವನ್ನು ಸೀಳುವುದು ರಕ್ತ ಬಂದ ಮೇಲೆಯೇ ತಿಳಿಯುತ್ತದೆ.

ಇಂಥ ನಾಲ್ಕಾರು ಕೊಳವೆಗಳಿದ್ದರೆ ಕಂಪಿಸುವ ಬ್ಲೇಡಿನ ಮಲ್ಟಿಟೂಲನ್ನೇ ಬಾಡಿಗೆಗೆ ತರುತ್ತಿದ್ದೆ. ಗೋಡೆಯ ಪಕ್ಕದ ಇಕ್ಕಟ್ಟಿಗೆ ಅದೇ ಸರಿ. ಆದರೆ ಉಕ್ಕಿಗೆ ಅದರ ಬ್ಲೇಡು ಬೇಗ ಸವೆಯುತ್ತದೆ, ಬ್ಲೇಡಿನ ಬೆಲೆಯೂ ಕಡಿಮೆಯಲ್ಲ.

ಅಂಚುಗಳಿಗೆ ಅರ ಹಾಕಿ ಸತುವಿನ ಬಣ್ಣ ಬಳಿದೆ. ಮೇಲಿನ ತುಂಡಿನ ಬಾಯನ್ನು ಇಕ್ಕಳದಿಂದ ನೆರಿಗೆ ಹಿಡಿದು ಕಿರಿದು ಮಾಡಿ ಫಿಲ್ಟರಿನ ಒಳಕ್ಕೆ ಇಳಿಸಿದೆ. ಮೇಲಿನದು ಯಾವಾಗಲೂ ಕೆಳಗಿನದರ ಒಳಗೆ ಕೂತರೆ ಸೇರುವೆಯಲ್ಲಿ ನೀರು ಹೊರಗೆ ಜಿನುಗುವುದಿಲ್ಲ.