36 ಅಕ್ಷರದ ಕ್ಲಿಕ್ ಐಡಿ

ಆರೋಗ್ಯ ವಿಮೆಗೆ ಲೀಡ್, ಅಂದರೆ ಕೊಳ್ಳಬಹುದಾದ ಗಿರಾಕಿಗಳ ವಿವರ, ತರಿಸುವ ಒಂದು ಸೈಟಿನ ಟ್ರ್ಯಾಕಿಂಗ್ ಕೆಲಸ ನನ್ನದು. ಅಫಿಲಿಯೇಟ್‌ಗಳು, ಅಂದರೆ ಕಮಿಷನ್ನಿಗೆ ನಮ್ಮ ಕಡೆ ಜನ ಕಳಿಸುವವರು, ಲಿಂಕ್ ಹಾಕುತ್ತಾರೆ, ಜನ ಬಂದು ಫಾರ್ಮ್ ತುಂಬುತ್ತಾರೆ, ನಮ್ಮ ಹುಡುಗರು ಫೋನ್ ಮಾಡುತ್ತಾರೆ. ಫೋನಿನಲ್ಲಿ ಗಟ್ಟಿಯಾದ ಲೀಡಿಗೆ ಮಾತ್ರ ಅಫಿಲಿಯೇಟ್‌ಗೆ ದುಡ್ಡು.

ಮೊದಲು ಥ್ಯಾಂಕ್ಯೂ ಪೇಜಿನಲ್ಲಿ ಪಿಕ್ಸೆಲ್ ಇತ್ತು, ಅಂದರೆ ಪೇಜ್ ತೆರೆದಾಗ ಬ್ರೌಸರಿನಿಂದ ನೆಟ್‌ವರ್ಕ್‌ಗೆ (ಅಫಿಲಿಯೇಟ್‌ಗಳ ಲೆಕ್ಕ ಇಡುವ ಕಂಪನಿಗೆ) ಸುದ್ದಿ ಕಳಿಸುವ ಪುಟ್ಟ ಕೋಡ್. ಅದಕ್ಕೆ ಕುಕೀ, ಅಂದರೆ ಬ್ರೌಸರಿನಲ್ಲಿ ಉಳಿಯುವ ಪುಟ್ಟ ಗುರುತು, ಬೇಕು. ಐಫೋನಿನ ಬ್ರೌಸರ್ ಸಫಾರಿ 2020ರಲ್ಲೇ ಥರ್ಡ್ ಪಾರ್ಟಿ (ಬೇರೆ ಸೈಟಿನವರು ಇಡುವ) ಕುಕೀಗಳನ್ನು ಪೂರ್ತಿ ತಡೆದಿತ್ತು, ಹಾಗಾಗಿ ಐಫೋನಿನಿಂದ ಬಂದ ಲೀಡ್ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಲೀಡ್ ಗಟ್ಟಿಯಾಗುವುದು ಎರಡು ಮೂರು ದಿನ ಬಿಟ್ಟು. ಅಷ್ಟೊತ್ತಿಗೆ ಗಿರಾಕಿ ಪೇಜ್ ಮುಚ್ಚಿ ಹೋಗಿರುತ್ತಾರೆ. ಪಿಕ್ಸೆಲ್ ಎಲ್ಲಿ ಓಡಬೇಕು, ಅಲ್ವಾ? ನಮ್ಮ ಸರ್ವರೇ ನೆಟ್‌ವರ್ಕ್‌ನ ಸರ್ವರಿಗೆ ನೇರವಾಗಿ ಹೇಳಬೇಕು. ಅದೇ ಪೋಸ್ಟ್‌ಬ್ಯಾಕ್.

ಮಾಡಿದ್ದು ಇಷ್ಟು. ಲಿಂಕಿನಲ್ಲಿ ಬರುವ ಕ್ಲಿಕ್ ಐಡಿಯನ್ನು (ಒಂದೊಂದು ಕ್ಲಿಕ್ಕಿಗೂ ನೆಟ್‌ವರ್ಕ್ ಕೊಡುವ ಗುರುತು) ಫಾರ್ಮಿನಲ್ಲಿ ಕಣ್ಣಿಗೆ ಕಾಣದ ಹಿಡನ್ ಫೀಲ್ಡ್‌ಗೆ ತುಂಬಿಸಿ, ಲೀಡಿನ ಜೊತೆ ಡೇಟಾಬೇಸಿಗೆ ಹಾಕಿದೆ. ಲೀಡ್ 'ಅಪ್ರೂವ್ಡ್' ಆದ ತಕ್ಷಣ ಆ ಐಡಿ, ನಮ್ಮ ಲೀಡ್ ನಂಬರ್, ಮೊತ್ತ, ಗುಟ್ಟಿನ ಟೋಕನ್ ಸೇರಿಸಿ ನೆಟ್‌ವರ್ಕ್‌ನ ಯುಆರ್‌ಎಲ್ ಕರೆಯುವ ಹಾಗೆ ಬರೆದೆ. ಲೀಡ್ ನಂಬರ್ ಕಳಿಸುವುದನ್ನು ಮಾತ್ರ ಬಿಡಬೇಡಿ. ಉತ್ತರ ತಡವಾದರೆ ನಮ್ಮ ಕಡೆಯಿಂದ ಅದೇ ಪೋಸ್ಟ್‌ಬ್ಯಾಕ್ ಮತ್ತೆ ಹೋಗುತ್ತದೆ. ಆ ನಂಬರ್ ನೋಡಿಯೇ ಅವರು ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು.

ಚಾಲೂ ಮಾಡಿದೆ. ನಮ್ಮ ಲಾಗಿನಲ್ಲಿ ಸಾಲಾಗಿ 200, ಅಂದರೆ ಎಲ್ಲ ಸರಿ. ಅವರ ರಿಪೋರ್ಟಿನಲ್ಲಿ ಸೊನ್ನೆ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಸ್ಟೇಟಸ್ ಕೋಡ್ ಬಿಟ್ಟು, ಉತ್ತರದ ಒಳಗೆ ಏನಿದೆ ಅಂತ ಪ್ರಿಂಟ್ ಮಾಡಿಸಿದೆ. 'ಈ ಕ್ಲಿಕ್ ಐಡಿ ಸಿಗಲಿಲ್ಲ' ಅಂತಿತ್ತು. 200 ಅಂದರೆ ಕಾಗದ ತಲುಪಿತು ಅಂತ ಅಷ್ಟೇ, ಒಪ್ಪಿಕೊಂಡರು ಅಂತಲ್ಲ.

ನಾನೇ ಫೋನಿನಿಂದ ಒಂದು ಟೆಸ್ಟ್ ಲಿಂಕ್ ಒತ್ತಿ ಫಾರ್ಮ್ ತುಂಬಿದೆ. ಲಿಂಕಿನಲ್ಲಿದ್ದ ಐಡಿ, ಡೇಟಾಬೇಸಿನಲ್ಲಿದ್ದ ಐಡಿ, ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಕೆಳಗಿನದು ನಾಲ್ಕು ಅಕ್ಷರ ಗಿಡ್ಡ! ನೆಟ್‌ವರ್ಕ್‌ನ ಐಡಿ ನಡುನಡುವಿನ ಅಡ್ಡಗೆರೆ ಸೇರಿ 36 ಅಕ್ಷರ. ನಾನು ಕಾಲಮ್‌ಗೆ ಕೊಟ್ಟಿದ್ದು 32. ಸ್ಟ್ರಿಕ್ಟ್ ಮೋಡ್ (ಉದ್ದ ಮೀರಿದರೆ ತಡೆಯುವ ಸೆಟ್ಟಿಂಗ್) ಆಫ್ ಇದ್ದ ನಮ್ಮ ಹಳೇ ಡೇಟಾಬೇಸ್ ಮೈಎಸ್‌ಕ್ಯೂಎಲ್, ಎರರ್ ಕೊಡದೆ ಸುಮ್ನೆ ಬಾಲ ಕತ್ತರಿಸಿತ್ತು. ಕಾಲಮ್ಮನ್ನು 255 ಮಾಡಿದೆ.

ಆದರೆ ಅಷ್ಟರಲ್ಲಿ ಬಂದ ಲೀಡ್‌ಗಳ ಗತಿ? ಅಫಿಲಿಯೇಟ್‌ಗಳು ಸ್ವಂತ ದುಡ್ಡು ಹಾಕಿ ಜಾಹೀರಾತು ಓಡಿಸಿರುತ್ತಾರೆ. ನನ್ನ ತಪ್ಪಿಗೆ ಅವರ ಸಂಪಾದನೆ ಹೋಗಬಾರದು. ವೆಬ್ ಸರ್ವರಿನ ಆಕ್ಸೆಸ್ ಲಾಗ್ 14 ದಿನದ್ದು ಉಳಿದಿತ್ತು, ಅದರಲ್ಲಿ ಲಿಂಕುಗಳು ಪೂರ್ತಿ ಇದ್ದವು. ಮೊದಲ 32 ಅಕ್ಷರ ಹೊಂದಿಸಿ ಪೂರ್ತಿ ಐಡಿ ಹುಡುಕಿ, ಒಂದೊಂದಾಗಿ ಮತ್ತೆ ಕಳಿಸಿದೆ. ಸಂಜೆ ಅವರ ರಿಪೋರ್ಟ್ ತೆರೆದಾಗ ಎಲ್ಲ ಲೀಡ್‌ಗಳೂ ಅಲ್ಲಿದ್ದವು.