ಮಸೆಗಲ್ಲಿನ ನಡು ತಗ್ಗಿದರೆ

ಕ್ಷೌರದ ಕತ್ತಿ ತುದಿಯಲ್ಲಿ ಹರಿತ, ಬುಡದಲ್ಲೂ ಹರಿತ, ನಡುವೆ ಮಾತ್ರ ಗಡ್ಡ ಕಿತ್ತ ಹಾಗೆ ಎಳೆಯುತ್ತಿದೆಯಾ? ಸುಮ್ನೆ ಇನ್ನಷ್ಟು ಮಸೆಯಬೇಡಿ. ಸ್ಟೀಲ್ ಸ್ಕೇಲನ್ನು ಕಲ್ಲಿಗೆ ಅಡ್ಡವಾಗಿ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಡಿಯಲ್ಲಿ ಬೆಳಕು ಇಣುಕಿದರೆ ಕಲ್ಲು ಸವೆದು ತಗ್ಗಾಗಿದೆ. ಅಡುಗೆಮನೆ ಚಾಕುವಿಗೆ ಇಷ್ಟು ತಗ್ಗು ನಡೆಯುತ್ತದೆ. ಕ್ಷೌರದ ಕತ್ತಿಗೆ ಆಗದು. ಅದರ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಿ ಓಡಬೇಕಲ್ವಾ?

ಡೊಂಬಿವಲಿಗೆ ಬಂದ ಹೊಸದರಲ್ಲಿ ನಾನು ಕಲ್ಲನ್ನು ಸಮ ಮಾಡಲು ಅಡುಗೆಕಟ್ಟೆಯ ಕಡಪಾ ಚಪ್ಪಡಿ ಮೇಲೆಯೇ ಉಜ್ಜಿದ್ದೆ. ಕಲ್ಲು ಸಮವಾಗಲಿಲ್ಲ, ಕಟ್ಟೆಗೆ ಗೀರು ಬಿತ್ತು. ನಮ್ಮನೆಯವಳು ಚಪಾತಿ ಲಟ್ಟಿಸುವಾಗ ಈಗಲೂ ಆ ಗೀರು ತೋರಿಸುತ್ತಾಳೆ.

ಉಜ್ಜಲು ಸಪಾಟಾದ ಹಾಸು ಬೇಕು. ಗಾಜಿನ ಅಂಗಡಿಯಲ್ಲಿ ಟೀಪಾಯಿ ಗಾಜಿನ ತುಂಡು ಕೇಳಿ, 8 ಅಥವಾ 10 ಮಿ.ಮೀ. ದಪ್ಪದ್ದು. ಅಂಚು ಉಜ್ಜಿಸಿಯೇ ತನ್ನಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ 220 ಮತ್ತು 400 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ. ಮರಕ್ಕೆ ಹಾಕುವ ಸಾದಾ ಪಾಲಿಶ್ ಪೇಪರ್ ನೀರಿಗೆ ಬಿಚ್ಚಿಹೋಗುತ್ತದೆ.

ಗಾಜಿನ ಅಡಿಗೆ ಒದ್ದೆ ಬಟ್ಟೆ ಹಾಸಿ, ಮೇಲೆ ನೀರು ಚಿಮುಕಿಸಿ 220ರ ಪೇಪರ್ ಅಂಟಿಸಿ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಅಡ್ಡ-ಉದ್ದ ಗೆರೆ ಎಳೆಯಿರಿ, ಚೌಕಾಬಾರದ ಮನೆ ಹಾಕಿದ ಹಾಗೆ. ಆಮೇಲೆ ನೀರು ಬಿಡುತ್ತಾ, ಗೆರೆಯ ಮೈ ಕೆಳಗೆ ಮಾಡಿ ಉಜ್ಜಿ. ಒಂದೇ ಕಡೆ ಒತ್ತಬೇಡಿ. ಇಪ್ಪತ್ತು ಸಲಕ್ಕೊಮ್ಮೆ ಕಲ್ಲನ್ನು ತಿರುಗಿಸಿ ಹಿಡಿಯಿರಿ. ಮೊದಲು ಅಂಚಿನ ಗೆರೆ ಅಳಿಸುತ್ತದೆ, ನಡುವಿನದು ಹಠ ಹಿಡಿದು ಉಳಿಯುತ್ತದೆ. ತಗ್ಗು ಇರುವುದು ಅಲ್ಲೇ. ಅದೂ ಹೋದ ಮೇಲೆ ಮತ್ತೊಮ್ಮೆ ಗೆರೆ ಎಳೆದು ಉಜ್ಜಿ. ಈಗ ಎಲ್ಲಾ ಗೆರೆ ಒಟ್ಟಿಗೇ ಮಾಯವಾದರೆ ಕಲ್ಲು ಸಮವಾಯಿತು. 400ರಲ್ಲಿ ಸ್ವಲ್ಪ ಆಡಿಸಿದರೆ ಗೀರೂ ಹೋಗುತ್ತದೆ.

ಕಲ್ಲಿನ ನಾಲ್ಕೂ ಅಂಚನ್ನು ಓರೆಯಾಗಿ ಹಿಡಿದು ಒಂದಿಷ್ಟು ಸವರಿ. ಚೂಪು ಅಂಚು ಬಿಟ್ಟರೆ ಅಲ್ಲಿಂದಲೇ ಕಲ್ಲು ಚಕ್ಕೆ ಏಳುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಚೆನ್ನಾಗಿ ತೊಳೆಯಿರಿ. ಪೇಪರಿನ ಒಂದೇ ಒಂದು ಕಾಳು ಉಳಿದರೂ ಕತ್ತಿಯ ಬಾಯಿ ಮುಕ್ಕಾಗುತ್ತದೆ. ಆ ರಾಡಿ ನೀರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನ ಬಾಗಿನಲ್ಲಿ ಕೂತುಬಿಡುತ್ತದೆ. ಬಕೆಟ್ಟಿನಲ್ಲಿ ರಾತ್ರಿ ಬಿಟ್ಟು, ತಿಳಿ ಬಸಿದು, ಕೆಸರನ್ನು ಕಸಕ್ಕೆ ಹಾಕಿ.

ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ರಟ್ಟೆ ಬಿದ್ದುಹೋಯಿತು. ಈಗ ಮೂರ್ನಾಲ್ಕು ಸಲ ಮಸೆದ ಮೇಲೊಮ್ಮೆ ಗೆರೆ ಎಳೆದು ಹತ್ತಿಪ್ಪತ್ತು ಸಲ ಉಜ್ಜುತ್ತೇನೆ, ಒಲೆ ಮೇಲಿನ ಚಹಾ ಕುದಿಯುವಷ್ಟರಲ್ಲಿ ಮುಗಿದಿರುತ್ತದೆ.