ಡ್ವಾರ್ಫ್ ಫೋರ್ಟ್ರೆಸ್: ನಾಣ್ಯಕ್ಕೆ ಒಂದು ಗಟ್ಟಿ, ಉಳಿದದ್ದು ಗಾಬ್ಲೆಟ್‌ಗೆ

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟದಲ್ಲಿ ಡ್ವಾರ್ಫ್‌ಗಳ (ಕುಳ್ಳರ) ಕೋಟೆಯನ್ನು ನಡೆಸಬೇಕು. ಅಲ್ಲಿ ವರ್ಷಕ್ಕೆ ಒಂದೇ ಚಿನ್ನದ ಗಟ್ಟಿಯನ್ನು ನಾನು ನಾಣ್ಯಕ್ಕೆ ಬಿಡುತ್ತೇನೆ, ಉಳಿದದ್ದು ಗಾಬ್ಲೆಟ್‌ಗೆ, ಅಂದರೆ ಕುಡಿಯುವ ಬಟ್ಟಲಿಗೆ. ಒಂದು ಗಟ್ಟಿಗೆ 500 ನಾಣ್ಯ. ಖಜಾನೆ ಕೋಣೆಗೆ ಅಷ್ಟು ಸಾಕು. ಎರಡೂ ಮುಖದ ಚಿತ್ರಗಳನ್ನು ಓದುವುದೇ ಒಂದು ಸುಖ, ಅದಕ್ಕಾಗಿಯೇ ಟಂಕಿಸುವುದನ್ನು ಪೂರ್ತಿ ಬಿಟ್ಟಿಲ್ಲ.

ಕೋಟೆಯೊಳಗೆ ನಾಣ್ಯ ಚಲಾವಣೆಯಲ್ಲಿಲ್ಲ. ಹಿಂದೆ ಡ್ವಾರ್ಫ್‌ಗಳಿಗೆ ಸಂಬಳ, ಬಾಡಿಗೆ ಇದ್ದ ಕಾಲದಲ್ಲಿ 500ರ ರಾಶಿ ಚಿಲ್ಲರೆಯಾಗಿ ಒಡೆದು, ಅದನ್ನು ಹೊರುವುದರಲ್ಲೇ ಜನರ ಹೊತ್ತು ಹೋಗುತ್ತಿತ್ತು. 2010ರ ಆವೃತ್ತಿಯಿಂದ ಆ ಆರ್ಥಿಕತೆಯೇ ಇಲ್ಲ. ಮಾರಲೂ ನಾಣ್ಯ ಲಾಭದ್ದಲ್ಲ: ಅದಕ್ಕೆ ಗುಣಮಟ್ಟದ ದರ್ಜೆ ಇಲ್ಲ, ಹಾಗಾಗಿ ಎಂಥ ನುರಿತ ಕೈ ಟಂಕಿಸಿದರೂ ಬೆಲೆ ಅಷ್ಟೇ.

ಗಾಬ್ಲೆಟ್‌ನ ಲೆಕ್ಕ ಬೇರೆ. ಆಟದ ಬೆಲೆ ಲೆಕ್ಕದಲ್ಲಿ ಚಿನ್ನದ ಗಟ್ಟಿಗೆ 150. ಅದರಿಂದ ಮೂರು ಗಾಬ್ಲೆಟ್ ಆಗುತ್ತವೆ, ಸಾದಾ ಒಂದಕ್ಕೆ 300. ಮಾಸ್ಟರ್‌ವರ್ಕ್ (ಅತ್ಯುತ್ತಮ ದರ್ಜೆ) ಆದರೆ ಹನ್ನೆರಡು ಪಟ್ಟು, ಅಂದರೆ 3,600. ಆದ್ದರಿಂದ ಹೊಸ ಮೆಟಲ್ ಕ್ರಾಫ್ಟರ್ (ಲೋಹದ ಸಾಮಾನು ಮಾಡುವ ಡ್ವಾರ್ಫ್) ಕೈಗೆ ಚಿನ್ನ ಕೊಡಬೇಡಿ. ತಾಮ್ರ, ಸೀಸದ ಮೇಲೆ ಕೈ ಪಳಗಲಿ. ಆ ಲೋಹಗಳ ಬೆಲೆ ಅಂಶ (ವಸ್ತುವಿನ ಮೂಲ ಬೆಲೆಯನ್ನು ಗುಣಿಸುವ ಸಂಖ್ಯೆ) ಬರೀ 2, ಚಿನ್ನದ್ದು 30. ಕಬ್ಬಿಣ, ಉಕ್ಕನ್ನು ಮಾತ್ರ ಈ ಕೆಲಸಕ್ಕೆ ಮುಟ್ಟುವುದಿಲ್ಲ, ಅದು ಸೈನಿಕರ ಪಾಲು.

ಇಂಧನ ಮೊದಲೇ ಲೆಕ್ಕ ಹಾಕಿ. ಒಂದು ಚಿನ್ನದ ಅದಿರು ಕರಗಿಸಿದರೆ ನಾಲ್ಕು ಗಟ್ಟಿ, ಅದಕ್ಕೊಂದು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ). ನಾಲ್ಕನ್ನೂ ಗಾಬ್ಲೆಟ್ ಮಾಡಲು ಕುಲುಮೆಗೆ ಇನ್ನು ನಾಲ್ಕು. ಹನ್ನೆರಡು ಗಾಬ್ಲೆಟ್‌ಗೆ ಐದು ಕೋಕ್. ಅದಿರು ಕರಗಿಸುವ ಒಲೆ, ಕುಲುಮೆ ಎರಡೂ ಮ್ಯಾಗ್ಮಾ (ನೆಲದಾಳದ ಕರಗಿದ ಕಲ್ಲು) ಬಿಸಿಯಲ್ಲಿ ನಡೆದರೆ ಈ ಖರ್ಚೇ ಇಲ್ಲ.

ಚಿನ್ನದಿಂದ ಸ್ಟಡ್ ಮಾಡುವುದು, ಅಂದರೆ ಬೇರೆ ವಸ್ತುವಿನ ಮೇಲೆ ಚಿನ್ನ ಕೂರಿಸಿ ಅಲಂಕರಿಸುವುದು, ಇನ್ನೊಂದು ದಾರಿ. ತೊಂದರೆ ಏನೆಂದರೆ ಯಾವ ವಸ್ತುವಿಗೆ ಎಂದು ಆಯ್ಕೆ ಮಾಡಲಾಗದು. ಹತ್ತಿರದ ಯಾವುದೋ ಕಳಪೆ ಸಾಮಾನಿಗೆ ಚಿನ್ನ ಹೋಗಿಬಿಡುತ್ತದೆ. ಅದಕ್ಕೆ ಬೇಕಾದ ವಸ್ತುಗಳಷ್ಟೇ ಇರುವ ಸ್ಟಾಕ್‌ಪೈಲನ್ನು (ಸಾಮಾನು ಕೂಡಿಡುವ ಜಾಗ) ಕುಲುಮೆಗೆ ಜೋಡಿಸುತ್ತೇನೆ. ಆಗ ಗಟ್ಟಿ ಮತ್ತು ಕೋಕ್‌ನ ಸ್ಟಾಕ್‌ಪೈಲನ್ನೂ ಜೋಡಿಸಬೇಕು. ಒಮ್ಮೆ ಜೋಡಿಸಿದ ಕುಲುಮೆ ಬೇರೆಡೆಯಿಂದ ಏನನ್ನೂ ತರುವುದಿಲ್ಲ, ಕೆಲಸ ರದ್ದಾಗುತ್ತಲೇ ಇರುತ್ತದೆ.

ಮರ ಕಡಿಯುವುದನ್ನು ಸಹಿಸದ ಕಾಡಿನ ಜನ ಎಲ್ಫ್‌ಗಳ ವರ್ತಕರಿಗೆ ಮಾರುವಾಗ ಗಾಬ್ಲೆಟ್‌ಗಳನ್ನು ಒಂದೊಂದಾಗಿ ಗುರುತಿಸಿ. ಅವು ತುಂಬಿದ ಮರದ ಬಿನ್ (ಪೆಟ್ಟಿಗೆ) ಅನ್ನೇ ಆರಿಸಿದರೆ ಮರದ ಸಾಮಾನು ಕೊಟ್ಟಿರೆಂದು ಸಿಟ್ಟಾಗುತ್ತಾರೆ. ಯಾವ ವರ್ತಕರೇ ಬರಲಿ, ಕೋಟೆಯ ಪ್ರಭುಗಳು ಏನನ್ನು ಹೊರಗೆ ಮಾರಬಾರದೆಂದು ಆಜ್ಞೆ ಮಾಡಿದ್ದಾರೋ ನೋಡಿಕೊಳ್ಳಿ. ಮೀರಿದರೆ ಶಿಕ್ಷೆ ನಿಮ್ಮ ಡ್ವಾರ್ಫ್‌ಗೇ.